ಹಡಗು ಮುಳುಗಿತು, ಬ್ಯಾಂಜೋ ಉಳಿಯಿತು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಹಿಂದಿನ ಕಾಲದ ದೊಡ್ಡ ವ್ಯಕ್ತಿಯೊಬ್ಬರ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಹೇಳಿದಾಗ ಗೆದ್ದವರ ಹೆಸರುಗಳೇ ಮೊದಲು ನೆನಪಿಗೆ ಬಂದವು. ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಗುರುಗಳೂ ಹಿರಿಯ ವಿದ್ಯಾರ್ಥಿಗಳೂ ನಮ್ಮಲ್ಲಿದ್ದಾರೆ. ನಾನು ಆರಿಸಿಕೊಂಡಿರುವುದು ಹೊರಟ ಕೆಲಸ ಕೈಗೂಡದೆ ಹಿಂದಿರುಗಿದ ಒಬ್ಬನನ್ನು. ಹೆಸರು ಅರ್ನೆಸ್ಟ್ ಶ್ಯಾಕಲ್ಟನ್. ದಕ್ಷಿಣ ಧ್ರುವ ಪ್ರದೇಶದ ಅನ್ವೇಷಕ. ಆತ ತೀರಿಕೊಂಡು ನೂರು ವರ್ಷ ದಾಟಿದೆ.

ಹೀಗೆ ಆರಿಸಿಕೊಳ್ಳಲು ಕಾರಣವಿದೆ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ ಮಕ್ಕಳಿಗೆ ಸಿಹಿ ತಿನ್ನಿಸುವ ಚಿತ್ರಗಳಿರುತ್ತವೆ. ಒಳಪುಟದ ಮೂಲೆಯಲ್ಲಿ ಕೆಲವೊಮ್ಮೆ ಓದಲಾಗದಂಥ ಒಂದು ಸಣ್ಣ ಸುದ್ದಿಯೂ ಇರುತ್ತದೆ. ನಾನಿರುವ ಸಾಫ್ಟ್‌ವೇರ್ ಕ್ಷೇತ್ರದಲ್ಲೂ ಒಳ್ಳೆಯ ಸಂಬಳವಿದ್ದೂ ರಾತ್ರಿ ನಿದ್ದೆ ಬಾರದವರು, ಕೆಲಸ ಹೋದ ಮೇಲೆ ಯಾರಿಗೂ ಮುಖ ತೋರಿಸದವರು ಇದ್ದಾರೆ. ಇಂಥವರಿಗೆ ಧೈರ್ಯವಾಗಿರು ಎಂದು ಹೇಳುವವರು ಬಹಳ ಮಂದಿ. ಆ ಧೈರ್ಯ ಎಲ್ಲಿಂದ ಬರುತ್ತದೆ, ಅದನ್ನು ದಿನದಿನವೂ ಹೇಗೆ ಕಾಪಾಡಿಕೊಳ್ಳಬೇಕು ಎಂದು ಹೇಳಿಕೊಡುವವರು ಕಡಿಮೆ. ಶ್ಯಾಕಲ್ಟನ್‌ನ ಬದುಕಿನಲ್ಲಿ ಇದಕ್ಕೆ ಉತ್ತರ ಸಿಗುತ್ತದೆ ಎಂಬುದು ನನ್ನ ನಂಬಿಕೆ. ಆತ ಗೆದ್ದ ಕಡೆಯೂ ಸಿಗುತ್ತದೆ, ಸೋತ ಕಡೆಯೂ ಸಿಗುತ್ತದೆ.

ಗುರಿಯ ಹತ್ತಿರ ಹೋಗಿ ಹಿಂದಿರುಗಿದವನು

ಶ್ಯಾಕಲ್ಟನ್ ಹುಟ್ಟಿದ್ದು 1874ರ ಫೆಬ್ರವರಿ 15ರಂದು, ಐರ್ಲೆಂಡಿನ ಕಿಲ್ಡೇರ್ ಪ್ರಾಂತ್ಯದಲ್ಲಿ. ಹತ್ತು ಮಕ್ಕಳಲ್ಲಿ ಎರಡನೆಯವನು. ತಂದೆ ಮೊದಲು ಬೇಸಾಯ ಮಾಡುತ್ತಿದ್ದವರು. ಮಕ್ಕಳಾದ ಮೇಲೆ ವೈದ್ಯಕೀಯ ಓದಿ ಡಾಕ್ಟರಾದರು. ಕುಟುಂಬ ಲಂಡನ್ನಿಗೆ ಬಂತು. ಹುಡುಗನಿಗೆ ಶಾಲೆಯ ಪಾಠ ಅಷ್ಟಾಗಿ ಹಿಡಿಸಲಿಲ್ಲ. ಹದಿನಾರನೆಯ ವಯಸ್ಸಿಗೆ ಹಾಯಿಹಡಗು ಹತ್ತಿದ. ಕಷ್ಟದ ಕೆಲಸ ಕಲಿಯುತ್ತ, ಪರೀಕ್ಷೆಗಳನ್ನು ಪಾಸು ಮಾಡುತ್ತ, ಇಪ್ಪತ್ತನಾಲ್ಕರ ಹೊತ್ತಿಗೆ ಹಡಗು ನಡೆಸುವ ಅರ್ಹತಾ ಪತ್ರ ಪಡೆದ.

1901ರಲ್ಲಿ ಕ್ಯಾಪ್ಟನ್ ಸ್ಕಾಟ್ ಜೊತೆ ಮೊದಲ ಸಲ ಅಂಟಾರ್ಕ್ಟಿಕಾಕ್ಕೆ ಹೋದ. ಅಲ್ಲಿ ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗಕ್ಕೆ ತುತ್ತಾದ. 1903ರಲ್ಲಿ ಸ್ಕಾಟ್ ಅವನನ್ನು ಅನಾರೋಗ್ಯದ ಕಾರಣಕ್ಕೆ ಮನೆಗೆ ಕಳುಹಿಸಿಬಿಟ್ಟ. ಜೊತೆಗಾರರು ಅಲ್ಲೇ ಉಳಿದಿರುವಾಗ ತಾನೊಬ್ಬ ಹಿಂದಿರುಗಬೇಕಾದ ಅವಮಾನ ಅವನನ್ನು ಬಹಳ ಕಾಲ ಕಾಡಿತು.

1907ರಲ್ಲಿ ತನ್ನದೇ ತಂಡ ಕಟ್ಟಿಕೊಂಡು ಮತ್ತೆ ಹೊರಟ. 1909ರ ಜನವರಿ 9ರಂದು ಆತ ಮತ್ತು ಮೂವರು ಸಂಗಡಿಗರು ಅಲ್ಲಿಯವರೆಗೆ ಯಾರೂ ತಲುಪದಷ್ಟು ದಕ್ಷಿಣಕ್ಕೆ ತಲುಪಿದರು. ಧ್ರುವಕ್ಕೆ ಇನ್ನು ಸುಮಾರು 180 ಕಿಲೋಮೀಟರ್ ಉಳಿದಿತ್ತು. ಮುಂದೆ ಹೋದರೆ ಧ್ರುವ ಸಿಗಬಹುದಿತ್ತು, ಆದರೆ ಹಿಂದಿರುಗಿ ಬರಲು ಆಹಾರ ಸಾಲುತ್ತಿರಲಿಲ್ಲ. ಶ್ಯಾಕಲ್ಟನ್ ಅಲ್ಲಿಂದಲೇ ಹಿಂದಿರುಗಿದ. ವಾಪಸು ಬರುವ ದಾರಿಯಲ್ಲಿ, ಹಸಿವಿನಿಂದ ಎಲ್ಲರೂ ಕಂಗೆಟ್ಟಿದ್ದಾಗ, ತನ್ನ ಪಾಲಿನ ಒಂದು ಬಿಸ್ಕತ್ತನ್ನು ಕಾಯಿಲೆ ಬಿದ್ದಿದ್ದ ಫ್ರ್ಯಾಂಕ್ ವೈಲ್ಡ್‌ಗೆ ಬಲವಂತವಾಗಿ ಕೊಟ್ಟ. ನಾಲ್ವರೂ ಜೀವಂತ ಮರಳಿದರು. ವೈಲ್ಡ್ ಆ ಬಿಸ್ಕತ್ತನ್ನು ಜೀವನಪೂರ್ತಿ ಮರೆಯಲಿಲ್ಲ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

1911ರ ಡಿಸೆಂಬರಿನಲ್ಲಿ ನಾರ್ವೆಯ ಅಮುಂಡ್ಸೆನ್ ಧ್ರುವ ಮುಟ್ಟಿದ. ಮರುತಿಂಗಳು ಅಲ್ಲಿಗೆ ತಲುಪಿದ ಸ್ಕಾಟ್ ಮತ್ತು ಅವನ ನಾಲ್ವರು ಸಂಗಡಿಗರು ಹಿಂದಿರುಗುವ ದಾರಿಯಲ್ಲಿ ಪ್ರಾಣ ಬಿಟ್ಟರು.

ಹಾಡಲು ಬರುತ್ತದೆಯೇ?

ಧ್ರುವ ಇನ್ನೊಬ್ಬರ ಪಾಲಾದ ಮೇಲೆ ಶ್ಯಾಕಲ್ಟನ್ ಬೇರೆ ಗುರಿ ಹುಡುಕಿದ. ಅಂಟಾರ್ಕ್ಟಿಕಾ ಖಂಡವನ್ನು ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ ಕಾಲ್ನಡಿಗೆಯಲ್ಲಿ ದಾಟುವುದು. ಸುಮಾರು 2,900 ಕಿಲೋಮೀಟರ್. ಹಡಗಿನ ಹೆಸರು ಎಂಡ್ಯೂರೆನ್ಸ್, ಅಂದರೆ ತಾಳಿಕೊಳ್ಳುವ ಶಕ್ತಿ.

ತಂಡಕ್ಕೆ ಜನರನ್ನು ಆರಿಸಿದ ರೀತಿ ಇಂದಿನ ಸಂದರ್ಶನಗಳನ್ನು ನೋಡಿದವರಿಗೆ ವಿಚಿತ್ರವಾಗಿ ಕಾಣುತ್ತದೆ. ಭೌತವಿಜ್ಞಾನಿ ರೆಜಿನಾಲ್ಡ್ ಜೇಮ್ಸ್‌ನನ್ನು ಭೌತವಿಜ್ಞಾನದ ಬಗ್ಗೆ ಹೆಚ್ಚೇನೂ ಕೇಳದೆ, ಹಾಡಲು ಬರುತ್ತದೆಯೇ ಎಂದು ಕೇಳಿದ. ದೊಡ್ಡ ಗಾಯಕನಾಗಬೇಕಿಲ್ಲ, ಹುಡುಗರ ಜೊತೆ ಸೇರಿ ಕೂಗಲು ಬಂದರೆ ಸಾಕು ಎಂಬುದು ಅವನ ಅಭಿಪ್ರಾಯವಾಗಿತ್ತು. ಹವಾಮಾನ ತಜ್ಞ ಲಿಯೊನಾರ್ಡ್ ಹಸಿ ಸುಡುಬಿಸಿಲಿನ ಸುಡಾನ್ ದೇಶದಿಂದ ಅರ್ಜಿ ಹಾಕಿದ್ದ. ಅಲ್ಲಿಂದ ನೇರವಾಗಿ ಹಿಮಕ್ಕೆ ಬರುವ ಈತನ ಸಂಗತಿ ಶ್ಯಾಕಲ್ಟನ್‌ಗೆ ತಮಾಷೆಯಾಗಿ ಕಂಡಿತು, ಸೇರಿಸಿಕೊಂಡ. ಹಸಿಯ ಜೊತೆ ಅವನ ಬ್ಯಾಂಜೋ ಕೂಡ ಬಂತು. ಗಿಟಾರಿನಂತೆ ಮೀಟುವ ತಂತಿವಾದ್ಯ ಅದು. ಅಡುಗೆ, ದಿಕ್ಕು, ವೈದ್ಯಕೀಯ ಬಲ್ಲವರು ಹೇಗೂ ಸಿಗುತ್ತಾರೆ. ತಿಂಗಳುಗಟ್ಟಲೆ ಕತ್ತಲೆಯಲ್ಲಿ ಒಟ್ಟಿಗೆ ಇರಬೇಕಾದಾಗ ನಗಲು ಬಾರದವನಿಂದ ತಂಡವೇ ಕುಸಿಯುತ್ತದೆ ಎಂಬುದನ್ನು ಆತ ಹಿಂದಿನ ಯಾತ್ರೆಗಳಲ್ಲಿ ಕಂಡಿದ್ದ.

1914ರ ಆಗಸ್ಟ್‌ನಲ್ಲಿ, ಮೊದಲ ಮಹಾಯುದ್ಧ ಶುರುವಾದ ವಾರದಲ್ಲೇ, ಹಡಗು ಇಂಗ್ಲೆಂಡ್ ಬಿಟ್ಟಿತು. ದಾರಿಯಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕದ್ದು ಹತ್ತಿದ ಬ್ಲ್ಯಾಕ್‌ಬರೋ ಎಂಬ ಹುಡುಗನೂ ಸೇರಿ ಒಟ್ಟು 28 ಜನ. 1915ರ ಜನವರಿಯಲ್ಲಿ, ಖಂಡದ ನೆಲ ಮುಟ್ಟಲು ಒಂದು ದಿನದ ಪ್ರಯಾಣವಷ್ಟೇ ಇರುವಾಗ, ವೆಡೆಲ್ ಸಮುದ್ರದ ಮಂಜುಗಡ್ಡೆ ಹಡಗನ್ನು ಸುತ್ತಲಿಂದಲೂ ಹಿಡಿದುಕೊಂಡಿತು. ಒಂಬತ್ತು ತಿಂಗಳು ಹಡಗು ಮಂಜುಗಡ್ಡೆಯ ಜೊತೆಗೇ ತೇಲಿತು. ಅದರಲ್ಲಿ ಕೆಲವು ತಿಂಗಳು ಸೂರ್ಯನೇ ಹುಟ್ಟಲಿಲ್ಲ.

ಈ ಹಿಂದೆ ಇದೇ ರೀತಿ ಸಿಕ್ಕಿಕೊಂಡ ಬೇರೆ ಹಡಗುಗಳಲ್ಲಿ ಜನರಿಗೆ ಬುದ್ಧಿಭ್ರಮಣೆಯಾದದ್ದುಂಟು. ಎಂಡ್ಯೂರೆನ್ಸ್‌ನಲ್ಲಿ ದಿನಚರಿ ತಪ್ಪಲಿಲ್ಲ. ಊಟಕ್ಕೆ ಗೊತ್ತಾದ ಹೊತ್ತು, ಎಲ್ಲರಿಗೂ ಪಾಳಿಯ ಕೆಲಸ. ಅಧಿಕಾರಿಯೂ ನೆಲ ಒರೆಸಬೇಕು, ವಿಜ್ಞಾನಿಯೂ ಒರೆಸಬೇಕು. ಮಂಜುಗಡ್ಡೆಯ ಮೇಲೆ ಫುಟ್‌ಬಾಲ್, ನಾಯಿಗಳ ಜಾರುಬಂಡಿ ಓಟ, ಚಳಿಗಾಲದ ನಡುದಿನ ನಾಟಕ ಮತ್ತು ಔತಣ. ಒಂದು ದಿನ ಹುಮ್ಮಸ್ಸು ಬಂದು ಎಲ್ಲರೂ ತಲೆ ಬೋಳಿಸಿಕೊಂಡು ನಕ್ಕರು. ಇವೆಲ್ಲ ಹೊತ್ತು ಕಳೆಯುವ ಆಟಗಳಂತೆ ಕಾಣುತ್ತವೆ. ಆದರೆ ಮುಂದೆ ಬಂದ ದಿನಗಳಿಗೆ ಬೇಕಾದ ಬಲ ಆಗಲೇ ಕೂಡಿಬರುತ್ತಿತ್ತು.

ಎಸೆದದ್ದು, ಉಳಿಸಿಕೊಂಡದ್ದು

1915ರ ಅಕ್ಟೋಬರ್ 27ರಂದು ಮಂಜುಗಡ್ಡೆಯ ಒತ್ತಡಕ್ಕೆ ಹಡಗು ನುಜ್ಜುಗುಜ್ಜಾಯಿತು. ಎಲ್ಲರೂ ಇಳಿದು ಮಂಜುಗಡ್ಡೆಯ ಮೇಲೆ ಡೇರೆ ಹಾಕಿದರು. ನವೆಂಬರ್ 21ರಂದು ಹಡಗು ಅವರ ಕಣ್ಣೆದುರೇ ಮುಳುಗಿತು. ಹತ್ತಿರದ ಮನುಷ್ಯವಸತಿ ನೂರಾರು ಮೈಲಿ ದೂರ. ಅವರೆಲ್ಲಿದ್ದಾರೆಂದು ಜಗತ್ತಿಗೆ ಗೊತ್ತಿರಲಿಲ್ಲ. ಖಂಡ ದಾಟುವ ಕನಸು ಅಲ್ಲಿಗೆ ಮುಗಿಯಿತು. ಇನ್ನು ಮುಂದಿನ ಗುರಿ ಎಲ್ಲರನ್ನೂ ಜೀವಂತ ಮನೆಗೆ ಮುಟ್ಟಿಸುವುದು ಎಂದು ಶ್ಯಾಕಲ್ಟನ್ ನಿರ್ಧರಿಸಿದ.

ನಡೆಯಬೇಕಾದರೆ ಭಾರ ಇಳಿಸಬೇಕು. ಪ್ರತಿಯೊಬ್ಬರೂ ಸ್ವಂತ ವಸ್ತು ಎರಡು ಪೌಂಡಿಗಿಂತ, ಅಂದರೆ ಸುಮಾರು 900 ಗ್ರಾಂಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂದು ಅಪ್ಪಣೆಯಾಯಿತು. ಮೊದಲು ಶ್ಯಾಕಲ್ಟನ್ ತಾನೇ ತನ್ನ ಚಿನ್ನದ ನಾಣ್ಯಗಳನ್ನು ತೆಗೆದು ಹಿಮದ ಮೇಲೆ ಎಸೆದ. ಛಾಯಾಗ್ರಾಹಕ ಹರ್ಲಿ ತನ್ನ ಗಾಜಿನ ನೆಗೆಟಿವ್‌ಗಳಲ್ಲಿ ಸುಮಾರು 400ನ್ನು ಒಡೆದುಹಾಕಿ 120ನ್ನು ಮಾತ್ರ ಉಳಿಸಿಕೊಂಡ. ಆದರೆ ಐದು ಕಿಲೋಗಿಂತ ಹೆಚ್ಚು ತೂಗುತ್ತಿದ್ದ ಹಸಿಯ ಬ್ಯಾಂಜೋವನ್ನು ಮಾತ್ರ ಎಸೆಯಕೂಡದೆಂದು ಶ್ಯಾಕಲ್ಟನ್ ಹಟ ಹಿಡಿದ. ಅದು ಮನಸ್ಸಿಗೆ ಬೇಕಾದ ಔಷಧ ಎಂಬುದು ಅವನ ತಿಳಿವಳಿಕೆ. ಚಿನ್ನ ಹೋಯಿತು, ಬ್ಯಾಂಜೋ ಉಳಿಯಿತು.

ಕಂಪ್ಯೂಟರ್ ವ್ಯವಸ್ಥೆ ಕಟ್ಟುವ ನಾವು ಒಂದು ಯಂತ್ರ ಕೆಟ್ಟರೆ ಇನ್ನೊಂದು ತಕ್ಷಣ ಕೆಲಸ ವಹಿಸಿಕೊಳ್ಳುವಂತೆ ಮೊದಲೇ ಏರ್ಪಾಡು ಮಾಡಿರುತ್ತೇವೆ. ಕೆಟ್ಟ ಮೇಲೆ ಮಾಡಿದರೆ ಪ್ರಯೋಜನವಿಲ್ಲ. ಮನಸ್ಸಿನ ವಿಷಯದಲ್ಲಿ ಮಾತ್ರ ನಾವು ಕೆಡುವವರೆಗೆ ಕಾಯುತ್ತೇವೆ. ಶ್ಯಾಕಲ್ಟನ್ ಕಾಯಲಿಲ್ಲ. ತುಪ್ಪಳದ ಹಾಸಿಗೆ ಚೀಲಗಳು 18 ಮಾತ್ರ ಇದ್ದವು, ಉಳಿದವರಿಗೆ ಅಷ್ಟು ಬೆಚ್ಚಗಿಲ್ಲದ ಉಣ್ಣೆಯ ಚೀಲ. ಚೀಟಿ ಎತ್ತಿದಾಗ ಉಣ್ಣೆಯ ಚೀಲಗಳು ನಾಯಕನಿಗೂ ಅಧಿಕಾರಿಗಳಿಗೂ ಬರುವಂತೆ ಗುಟ್ಟಾಗಿ ಏರ್ಪಾಡಾಗಿತ್ತು. ಸದಾ ಕೊರಗುವವರನ್ನು, ಬೇಗ ಸಿಡುಕುವವರನ್ನು ದೂರ ತಳ್ಳದೆ ತನ್ನ ಡೇರೆಯಲ್ಲೇ ಮಲಗಿಸಿಕೊಂಡ. ಮುಂದೆ ದೋಣಿಯಲ್ಲಿ ಯಾರಾದರೂ ಚಳಿಗೆ ಹೆಚ್ಚು ನಡುಗುವುದು ಕಂಡರೆ ಅವನೊಬ್ಬನಿಗೇ ಅಲ್ಲ, ಎಲ್ಲರಿಗೂ ಬಿಸಿ ಹಾಲು ಕಾಯಿಸಿ ಕೊಡಿಸುತ್ತಿದ್ದ. ತಾನು ಬಲಹೀನನೆಂಬ ನಾಚಿಕೆ ಆ ಒಬ್ಬನಿಗೆ ಆಗಬಾರದಲ್ಲ!

ಇಂದಿನ ಮನೋವಿಜ್ಞಾನ ಏನು ಹೇಳುತ್ತದೆ?

ಶ್ಯಾಕಲ್ಟನ್ ಅನುಭವದಿಂದ ಕಂಡುಕೊಂಡದ್ದನ್ನು ಎಷ್ಟೋ ವರ್ಷಗಳ ನಂತರ ಅಮೆರಿಕದ ಮನೋವಿಜ್ಞಾನಿ ಬಾರ್ಬರಾ ಫ್ರೆಡ್ರಿಕ್ಸನ್ ಸಿದ್ಧಾಂತವಾಗಿ ಮಂಡಿಸಿದರು. ಅದು 1998ರಲ್ಲಿ. ಭಯವಾದಾಗ ಮನಸ್ಸು ಕಿರಿದಾಗುತ್ತದೆ. ಓಡು ಅಥವಾ ಹೊಡೆ, ಇವೆರಡೇ ಕಾಣುತ್ತವೆ. ಸಂತೋಷ, ಕುತೂಹಲ, ಕೃತಜ್ಞತೆ ಇದ್ದಾಗ ಮನಸ್ಸು ಅಗಲವಾಗುತ್ತದೆ, ಹೊಸ ದಾರಿಗಳು ಹೊಳೆಯುತ್ತವೆ. ಆ ಹೊತ್ತಿನಲ್ಲಿ ಬೆಳೆದ ಗೆಳೆತನ, ಕಲಿತ ಕೌಶಲ, ನಂಬಿಕೆ ಇವು ಆ ಸಂತೋಷ ಮುಗಿದ ಮೇಲೂ ಉಳಿದು ಕಷ್ಟಕಾಲಕ್ಕೆ ಒದಗುತ್ತವೆ.

ಅವರ ತಂಡದ ಒಂದು ಪ್ರಯೋಗದಲ್ಲಿ, ಭಾಷಣ ಮಾಡಬೇಕೆಂದು ದಿಢೀರನೆ ಹೇಳಿ ಕೆಲವರ ಎದೆಬಡಿತ ಏರುವಂತೆ ಮಾಡಿದರು. ಆಮೇಲೆ ಬೇರೆ ಬೇರೆ ಚಿತ್ರತುಣುಕುಗಳನ್ನು ತೋರಿಸಿದರು. ಮನಸ್ಸಿಗೆ ಹಿತವೆನಿಸುವ ಚಿತ್ರ ನೋಡಿದವರ ಎದೆಬಡಿತ ದುಃಖದ ಚಿತ್ರ ನೋಡಿದವರಿಗಿಂತಲೂ, ಏನೂ ಅನ್ನಿಸದ ಚಿತ್ರ ನೋಡಿದವರಿಗಿಂತಲೂ ಬೇಗ ಸಹಜ ಸ್ಥಿತಿಗೆ ಬಂತು. 2001ರ ಸೆಪ್ಟೆಂಬರ್ 11ರ ದಾಳಿಗೆ ಮೊದಲು ಅಧ್ಯಯನ ಮಾಡಿದ್ದ ಕಾಲೇಜು ವಿದ್ಯಾರ್ಥಿಗಳನ್ನು ದಾಳಿಯ ನಂತರ ಮತ್ತೆ ಕಂಡು ಪರಿಶೀಲಿಸಿದರು. ಬೇಗ ಚೇತರಿಸಿಕೊಂಡವರಿಗೆ ದುಃಖವೇ ಆಗಿರಲಿಲ್ಲ ಎಂದಲ್ಲ. ಅವರಿಗೂ ದುಃಖ, ಸಿಟ್ಟು, ಭಯ ಎಲ್ಲ ಇದ್ದವು. ಅವುಗಳ ನಡುವೆಯೇ ಬದುಕಿರುವವರ ಬಗ್ಗೆ ಕೃತಜ್ಞತೆ, ಪ್ರೀತಿ, ಆಸಕ್ತಿಯೂ ಇದ್ದವು. ಖಿನ್ನತೆಗೆ ಜಾರದಂತೆ ಅವರನ್ನು ಹಿಡಿದದ್ದು ಈ ಎರಡನೆಯ ಗುಂಪಿನ ಭಾವನೆಗಳು.

ಇದು ಮುಖ್ಯ. ಅಳಬೇಡ, ನಗುತ್ತಿರು ಎಂದು ಗದರಿಸುವುದು ಮನಸ್ಸಿಗೆ ಬಲ ಕೊಡುವುದಿಲ್ಲ. ಅಳುವವನ ಪಕ್ಕದಲ್ಲಿ ಕುಳಿತು, ಅವನು ಸುಧಾರಿಸಿಕೊಂಡ ಮೇಲೆ ಬಾ ಆಡೋಣ ಎಂದು ಕರೆದರೆ ಬಲ ಬರುತ್ತದೆ.

ದೋಣಿ ಮತ್ತು ಬೆಟ್ಟ

ಐದೂವರೆ ತಿಂಗಳು ಮಂಜುಗಡ್ಡೆಯ ಮೇಲೆ ಕಳೆದ ನಂತರ 1916ರ ಏಪ್ರಿಲ್ 9ರಂದು ಮೂರು ಸಣ್ಣ ದೋಣಿಗಳಲ್ಲಿ ಹೊರಟು, 15ರಂದು ಎಲಿಫೆಂಟ್ ದ್ವೀಪ ಸೇರಿದರು. 497 ದಿನಗಳ ನಂತರ ಕಾಲಿಗೆ ನೆಲ ಸಿಕ್ಕಿತು. ಆದರೆ ಆ ದ್ವೀಪದ ಕಡೆ ಯಾವ ಹಡಗೂ ಬರುವಂತಿರಲಿಲ್ಲ. ಏಪ್ರಿಲ್ 24ರಂದು ಶ್ಯಾಕಲ್ಟನ್ ಐವರನ್ನು ಕರೆದುಕೊಂಡು ಇಪ್ಪತ್ತೆರಡೂವರೆ ಅಡಿ ಉದ್ದದ ದೋಣಿಯಲ್ಲಿ ಸೌತ್ ಜಾರ್ಜಿಯಾ ದ್ವೀಪಕ್ಕೆ ಹೊರಟ. ನಮ್ಮ ಶಾಲೆಯ ಒಂದು ಕೊಠಡಿಯಷ್ಟೂ ಉದ್ದವಿಲ್ಲದ ದೋಣಿ. ಜಗತ್ತಿನ ಅತಿ ಒರಟು ಸಮುದ್ರದಲ್ಲಿ ಸುಮಾರು 1,300 ಕಿಲೋಮೀಟರ್. ದಿಕ್ಕು ನೋಡುತ್ತಿದ್ದ ವರ್ಸ್ಲಿಗೆ ಇಡೀ ಪ್ರಯಾಣದಲ್ಲಿ ಸೂರ್ಯ ಸರಿಯಾಗಿ ಸಿಕ್ಕಿದ್ದು ನಾಲ್ಕೇ ಸಲ. ಮೇ 10ರಂದು ದಡ ಮುಟ್ಟಿದರು, ಆದರೆ ತಿಮಿಂಗಿಲ ಬೇಟೆಯವರ ವಸತಿ ಇದ್ದದ್ದು ದ್ವೀಪದ ಇನ್ನೊಂದು ಬದಿಯಲ್ಲಿ.

ನಡುವೆ ನಕ್ಷೆಯಿಲ್ಲದ ಹಿಮದ ಬೆಟ್ಟಗಳು. ಶ್ಯಾಕಲ್ಟನ್, ವರ್ಸ್ಲಿ, ಕ್ರೀನ್ ಮೂವರು ಬೂಟಿನ ಅಡಿಗೆ ದೋಣಿಯ ಸ್ಕ್ರೂಗಳನ್ನು ಬಡಿದುಕೊಂಡು ಹೊರಟರು. ಒಂದು ಕಡೆ ಕತ್ತಲಾಗುತ್ತಿತ್ತು, ಕೆಳಗೆ ಕಡಿದಾದ ಇಳಿಜಾರು. ರಾತ್ರಿ ಅಲ್ಲೇ ನಿಂತರೆ ಚಳಿಗೆ ಸಾವು ಖಂಡಿತ. ಹಗ್ಗವನ್ನು ಸಿಂಬೆ ಸುತ್ತಿ, ಮೂವರೂ ಅದರ ಮೇಲೆ ಒಬ್ಬರನ್ನೊಬ್ಬರು ತಬ್ಬಿ ಕುಳಿತು ಜಾರಿಬಿಟ್ಟರು. ಕೆಳಗೆ ಮುಟ್ಟಿದಾಗ ಮೂವರೂ ಮಕ್ಕಳಂತೆ ನಗುತ್ತಿದ್ದರು, ಎದ್ದು ಒಬ್ಬರಿಗೊಬ್ಬರು ಕೈ ಕುಲುಕಿದರು. ಮುಂದೆ ಇಬ್ಬರೂ ನಿದ್ದೆಗೆ ಬಿದ್ದಾಗ ಶ್ಯಾಕಲ್ಟನ್ ಐದೇ ನಿಮಿಷದಲ್ಲಿ ಎಬ್ಬಿಸಿ, ಅರ್ಧ ಗಂಟೆ ಮಲಗಿದಿರಿ ಎಂದು ಹೇಳಿದ. ಅವರು ಹೊಸ ಹುರುಪಿನಿಂದ ನಡೆದರು. 36 ಗಂಟೆಗಳ ನಡಿಗೆಯ ನಂತರ ಮೇ 20ರಂದು ಸ್ಟ್ರಾಮ್ನೆಸ್ ವಸತಿ ಸೇರಿದರು.

ಅತ್ತ ಎಲಿಫೆಂಟ್ ದ್ವೀಪದಲ್ಲಿ ಉಳಿದ 22 ಜನರನ್ನು ಹಿಡಿದಿಟ್ಟವನು ಹಿಂದೊಮ್ಮೆ ಬಿಸ್ಕತ್ತು ಪಡೆದಿದ್ದ ಫ್ರ್ಯಾಂಕ್ ವೈಲ್ಡ್. ಎರಡು ದೋಣಿಗಳನ್ನು ಬೋರಲು ಹಾಕಿ ಅದರಡಿ ವಾಸ. ಸೀಲ್ ಮತ್ತು ಪೆಂಗ್ವಿನ್ ಮಾಂಸವೇ ಊಟ. ಬ್ಲ್ಯಾಕ್‌ಬರೋನ ಕೊಳೆತ ಕಾಲ್ಬೆರಳುಗಳನ್ನು ಅಲ್ಲೇ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ನಾಯಕ ಇವತ್ತೇ ಬರಬಹುದು, ಹಾಸಿಗೆ ಸುತ್ತಿಡಿ ಎಂದು ವೈಲ್ಡ್ ಪ್ರತಿ ಬೆಳಿಗ್ಗೆ ಹೇಳುತ್ತಿದ್ದ. ನಾಲ್ಕು ತಿಂಗಳ ಮೇಲೂ ಹೇಳಿದ. ರಾತ್ರಿ ಒಂದು ಅಡುಗೆ ಪುಸ್ತಕ ಓದಿ, ಊರಿಗೆ ಹೋದ ಮೇಲೆ ಏನೇನು ತಿನ್ನಬೇಕೆಂದು ಚರ್ಚೆ. ಶನಿವಾರ ಹಸಿಯ ಬ್ಯಾಂಜೋ, ಒಬ್ಬರನ್ನೊಬ್ಬರು ಗೇಲಿ ಮಾಡುವ ಹಾಡುಗಳು.

ಶ್ಯಾಕಲ್ಟನ್ ಮೂರು ಹಡಗುಗಳಲ್ಲಿ ಮೂರು ಸಲ ಹೊರಟು ಮಂಜುಗಡ್ಡೆಯಿಂದ ಹಿಂದಿರುಗಬೇಕಾಯಿತು. ನಾಲ್ಕನೆಯ ಸಲ, 1916ರ ಆಗಸ್ಟ್ 30ರಂದು, ಚಿಲಿ ದೇಶದ ಯೆಲ್ಚೋ ಎಂಬ ಹಡಗಿನಲ್ಲಿ ದ್ವೀಪ ತಲುಪಿದ. 22 ಜನರೂ ಜೀವಂತವಾಗಿದ್ದರು.

ಊರಿಗೆ ಬಂದ ಮೇಲೆ

ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ, ಆದರೆ ಪೂರ್ತಿ ಸತ್ಯವಾಗುವುದಿಲ್ಲ. ಇದೇ ಯಾತ್ರೆಗಾಗಿ ಖಂಡದ ಇನ್ನೊಂದು ಬದಿಯಲ್ಲಿ, ರಾಸ್ ಸಮುದ್ರದ ಕಡೆ, ಆಹಾರ ಕೂಡಿಡಲು ಹೋಗಿದ್ದ ತಂಡದಲ್ಲಿ ಮೂವರು ಸತ್ತರು. ಬಡಗಿ ಮ್ಯಾಕ್‌ನಿಶ್ ದೋಣಿಯನ್ನು ಭದ್ರಗೊಳಿಸದೆ ಇದ್ದಿದ್ದರೆ ಆ ಸಮುದ್ರಯಾನವೇ ಸಾಧ್ಯವಿರಲಿಲ್ಲ. ಆದರೂ ಮಂಜುಗಡ್ಡೆಯ ಮೇಲೆ ಒಮ್ಮೆ ಎದುರು ಮಾತಾಡಿದ್ದನೆಂದು ಅವನಿಗೆ ಶ್ಯಾಕಲ್ಟನ್ ಪದಕ ಸಿಗಗೊಡಲಿಲ್ಲ.

ಊರಿಗೆ ಬಂದ ಶ್ಯಾಕಲ್ಟನ್ ಬೇರೆ ಮನುಷ್ಯನಂತಾದ. ಸಾಲ ಬೆಳೆದಿತ್ತು. ಹಣಕ್ಕಾಗಿ ಭಾಷಣಗಳ ಮೇಲೆ ಭಾಷಣ. ಕುಡಿತ ಹೆಚ್ಚಿತು, ಮನೆಯಲ್ಲಿ ನೆಲೆ ನಿಲ್ಲಲಾಗಲಿಲ್ಲ. ಎದೆನೋವನ್ನು ಮುಚ್ಚಿಟ್ಟುಕೊಂಡ, ವೈದ್ಯರು ಸರಿಯಾಗಿ ಪರೀಕ್ಷಿಸಲು ಬಿಡಲೇ ಇಲ್ಲ. ಹಿಮದಲ್ಲಿ 27 ಜನರ ಮನಸ್ಸನ್ನು ಕಾದವನು ತನ್ನ ಕಷ್ಟವನ್ನು ಒಬ್ಬರ ಮುಂದೆಯೂ ಬಿಚ್ಚಿಡಲಿಲ್ಲ.

ನನಗೆ ಈ ಭಾಗವೇ ಹೆಚ್ಚು ಕಲಿಸಿತು. ತಾಳಿಕೊಳ್ಳುವ ಶಕ್ತಿ ಒಬ್ಬನ ಎದೆಯೊಳಗೆ ಹುಟ್ಟಿನಿಂದ ಇರುವ ಗಟ್ಟಿ ವಸ್ತುವಾಗಿದ್ದರೆ ಅದು ಲಂಡನ್ನಿನಲ್ಲೂ ಅವನ ಜೊತೆಗಿರಬೇಕಿತ್ತು. ಇರಲಿಲ್ಲ. ಹಿಮದ ಮೇಲೆ ಅವನನ್ನೂ ಹಿಡಿದು ನಿಲ್ಲಿಸಿದ್ದು ಗೊತ್ತಾದ ದಿನಚರಿ, ಕೈಗೊಂದು ಕೆಲಸ, ಸುತ್ತಲಿನ ಜೊತೆಗಾರರು, ಸಂಜೆಯ ಹಾಡು. ಅವು ಕಳಚಿಕೊಂಡಾಗ ಅಂಥ ಶ್ಯಾಕಲ್ಟನ್ ಕೂಡ ಕುಸಿದ.

1921ರಲ್ಲಿ ಮತ್ತೊಮ್ಮೆ ದಕ್ಷಿಣಕ್ಕೆ ಹೊರಟ. ಹಳೆಯ ಸಂಗಡಿಗರಲ್ಲಿ ವೈಲ್ಡ್, ವರ್ಸ್ಲಿ, ಹಸಿ ಸೇರಿ ಹಲವರು ಜೊತೆ ಬಂದರು. 1922ರ ಜನವರಿ 5ರ ನಸುಕಿನಲ್ಲಿ ಸೌತ್ ಜಾರ್ಜಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 47. ದೇಹವನ್ನು ಊರಿಗೆ ತರಲು ಹೊರಟಿದ್ದವನು ಬ್ಯಾಂಜೋದ ಹಸಿಯೇ. ಪತ್ನಿ ಎಮಿಲಿಯ ಇಚ್ಛೆಯಂತೆ ಅರ್ಧ ದಾರಿಯಿಂದ ಹಿಂದಿರುಗಿ, ಮಾರ್ಚ್ 5ರಂದು ಆ ದ್ವೀಪದಲ್ಲೇ ಮಣ್ಣು ಮಾಡಿದರು. ಸರಿಯಾಗಿ ನೂರು ವರ್ಷಗಳ ನಂತರ, 2022ರ ಮಾರ್ಚ್ 5ರಂದು, ವೆಡೆಲ್ ಸಮುದ್ರದ ತಳದಲ್ಲಿ 3,008 ಮೀಟರ್ ಆಳದಲ್ಲಿ ಎಂಡ್ಯೂರೆನ್ಸ್ ಪತ್ತೆಯಾಯಿತು. ಹಿಂಬದಿಯಲ್ಲಿ ಹಡಗಿನ ಹೆಸರು ಇನ್ನೂ ಓದುವಂತಿತ್ತು.

ನಮ್ಮ ಶಾಲೆಗೆ ಒಂದು ವಿನಂತಿ

ಹತ್ತನೆಯ ತರಗತಿಗೆ ಬಂದ ಕೂಡಲೇ ಅನೇಕ ಶಾಲೆಗಳಲ್ಲಿ ಆಟದ ಪಿರಿಯಡ್, ಸಂಗೀತದ ಪಿರಿಯಡ್, ಗ್ರಂಥಾಲಯದ ಪಿರಿಯಡ್ ಗಣಿತ, ವಿಜ್ಞಾನಗಳ ವಿಶೇಷ ತರಗತಿಗೆ ಹೋಗುತ್ತವೆ. ಫಲಿತಾಂಶದ ಒತ್ತಡ ಗುರುಗಳ ಮೇಲೂ ಇದೆ, ಅದು ನನಗೆ ಗೊತ್ತು. ಆದರೂ ಐವತ್ತು ತುಂಬಿದ ಈ ಶಾಲೆಯ ಹಳೆಯ ವಿದ್ಯಾರ್ಥಿಯಾಗಿ ಗುರುಗಳಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ, ಪೋಷಕರಲ್ಲಿ ಕೇಳಿಕೊಳ್ಳುವುದಿಷ್ಟೆ. ಭಾರ ಇಳಿಸಬೇಕಾದಾಗ ದಯವಿಟ್ಟು ಬ್ಯಾಂಜೋವನ್ನು ಮೊದಲು ಎಸೆಯಬೇಡಿ. ವಾರಕ್ಕೆರಡು ಆಟದ ಪಿರಿಯಡ್ ಮಾರ್ಚ್‌ವರೆಗೂ ಉಳಿಯಲಿ. ಚೆಂಡು, ನೆಟ್, ಹಾರ್ಮೋನಿಯಂ ಬೇಕಿದ್ದರೆ ಹಳೆಯ ವಿದ್ಯಾರ್ಥಿಗಳಾದ ನಾವು ಕೊಡಿಸುತ್ತೇವೆ.

ಮಕ್ಕಳಿಗೂ ಒಂದು ಮಾತು. ಮನಸ್ಸು ತುಂಬ ಭಾರವಾದ ದಿನ ಶ್ಯಾಕಲ್ಟನ್ ಎದೆನೋವು ಮುಚ್ಚಿಟ್ಟಂತೆ ಮುಚ್ಚಿಡಬೇಡಿ. ಗೆಳೆಯರಿಗೆ, ಅಮ್ಮನಿಗೆ, ಇಷ್ಟದ ಟೀಚರಿಗೆ ಹೇಳಿ. ಅವರ ಹತ್ತಿರ ಹೇಳಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ, ಪರೀಕ್ಷಾ ವೇಳಾಪಟ್ಟಿಯ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೋರುತ್ತೇನೆ.